ಕಫದ ಡಬ್ಬಿಯಲ್ಲಿ ಎಂಜಲು

ಅಣ್ಣ ಟಿ. ನಗರದ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಹತ್ತೊಂಬತ್ತು ವರ್ಷ ದೋಸೆ ಹೊಯ್ದವನು. ಅವನಿಗೂ ಮದುವೆಯಾಗಲಿಲ್ಲ, ನನಗೂ ಆಗಲಿಲ್ಲ. ಅಮ್ಮನನ್ನು ಸೇರಿಸಿ ಮೂವರು ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದೆವು. ಕಿಟಕಿಯೇ ಇಲ್ಲದ ಒಳಕೋಣೆಯಲ್ಲಿ ಅಮ್ಮನ ಮಂಚ, ಅದರ ಪಕ್ಕದಲ್ಲೇ ನೆಲದ ಮೇಲೆ ಅಣ್ಣನ ಚಾಪೆ.

ಅಣ್ಣನಿಗೆ ಕೆಮ್ಮು ಹಿಡಿಯಿತು. ಕಾವಲಿಯ ಹೊಗೆ ಎಂದ. ಎರಡು ತಿಂಗಳಾದರೂ ಬಿಡಲಿಲ್ಲ, ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ನಾನೇ ಜಗಳವಾಡಿ ಆಸ್ಪತ್ರೆಗೆ ಕರೆದೊಯ್ದೆ. ಕಫಕ್ಕೆಂದು ಎರಡು ಡಬ್ಬಿ ಕೊಟ್ಟರು. ಒಂದನ್ನು ಅಲ್ಲೇ ಕೊಟ್ಟ, ಇನ್ನೊಂದನ್ನು ಮರುದಿನ ಎದ್ದ ಕೂಡಲೇ ತುಂಬಿಸಿ ತಂದ. ಎರಡರಲ್ಲೂ ಏನೂ ಸಿಗಲಿಲ್ಲ. ಎಕ್ಸ್‌ರೇಯಲ್ಲಿ ಮಸುಕು ಕಾಣುತ್ತಿದೆ, ಎರಡು ವಾರ ಬಿಟ್ಟು ಬನ್ನಿ ಎಂದಿದ್ದರು. ಅಣ್ಣ ಹೋಗಲಿಲ್ಲ. ಅಮ್ಮ ತುಪ್ಪದ ದೀಪ ಹಚ್ಚಿದಳು, ನಾನೂ ಸುಮ್ಮನಾದೆ.

ಮತ್ತೆರಡು ತಿಂಗಳಿಗೆ ಬಚ್ಚಲಲ್ಲಿ ರಕ್ತ ಕಂಡಿತು. ಈ ಸಲ ಸಿಟಿ ಸ್ಕ್ಯಾನ್ ಮಾಡಿಸಿದರು. ಡಾಕ್ಟರಮ್ಮ ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ಬಲ ಶ್ವಾಸಕೋಶದ ಮೇಲ್ತುದಿಯಲ್ಲಿ ದಪ್ಪ ಅಂಚಿನ ಕಪ್ಪು ಗುಳಿ, ಸುತ್ತ ಸಾಸಿವೆ ಚೆಲ್ಲಿದ ಹಾಗೆ ಚುಕ್ಕೆಗಳು. ಚಿತ್ರ ಕ್ಷಯದ್ದೇ ಅನ್ನಿಸುತ್ತದೆ, ಆದರೆ ಕಫದಲ್ಲಿ ಸಿಕ್ಕರೇ ಖಾತ್ರಿ, ಯಾವ ಔಷಧಿ ನಾಟುತ್ತದೆಂದು ತಿಳಿಯುವುದೂ ಅದರಿಂದಲೇ ಎಂದು ತಮಿಳಿನಲ್ಲಿ ವಿವರಿಸಿದರು. ಹಳೆಯ ರಿಪೋರ್ಟು ನೋಡಿ ಹುಬ್ಬು ಗಂಟಿಕ್ಕಿದರು.

"ನೀಂಗ ಕುಡುತ್ತದು ಸಳಿಯಾ, ಎಚ್ಚಿಲಾ?"

ಕೊಟ್ಟದ್ದು ಕಫವೋ ಎಂಜಲೋ ಎಂದು ಕೇಳುತ್ತಿದ್ದರು. ಅಣ್ಣ ನೆಲ ನೋಡಿದ. ಹೊರಗೆ ಬೆಂಚಿನ ಮೇಲೆ ಕೂತ ಮೇಲೆ ಬಾಯಿಬಿಟ್ಟ.

"ಬೇಕಂತಲೇ ಎಂಜಲು ಉಗಿದು ಕೊಟ್ಟದ್ದು ನಾನು. ಟಿಬಿ ಅಂತ ಗೊತ್ತಾದ್ರೆ ಅಡುಗೆಮನೆಗೆ ಯಾರು ಸೇರಿಸ್ತಾರೆ ಮಾರಾಯ್ತಿ?"

"ಅಮ್ಮ ನಿನ್ನ ಪಕ್ಕದಲ್ಲೇ ಅಲ್ವಾ ಅಣ್ಣ ಮಲಗುದು?"

ಮರುದಿನ ಬೆಳಿಗ್ಗೆ ಎದೆಯಾಳದಿಂದ ಕೆಮ್ಮಿ ಡಬ್ಬಿಗೆ ಹಾಕಿದ. ಆ ದಿನವೇ ಪರೀಕ್ಷೆಯಲ್ಲಿ ಕ್ಷಯ ಸಿಕ್ಕಿತು.

ಮನೆಯವರನ್ನೂ ಪರೀಕ್ಷಿಸಿದರು. ನನಗೇನೂ ಇರಲಿಲ್ಲ. ವಯಸ್ಸಿನ ಸುಸ್ತು ಎಂದು ನಾವು ಅಂದುಕೊಂಡಿದ್ದು ಅಮ್ಮನಿಗೆ ಕ್ಷಯವೇ ಆಗಿತ್ತು. ಕೆಮ್ಮಿ ಕಫ ತೆಗೆಯುವ ಶಕ್ತಿಯೂ ಅವಳಿಗಿರಲಿಲ್ಲ. ಉಪ್ಪುನೀರಿನ ಆವಿ ಕೊಟ್ಟು, ಬೆನ್ನು ತಟ್ಟಿ, ಒಂದು ಚಮಚದಷ್ಟು ಹೊರಡಿಸಿದರು. ಸಕ್ಕರೆ ಕಾಯಿಲೆ ಮೊದಲೇ ಇತ್ತು.

ಇಬ್ಬರೂ ಮಾತ್ರೆ ಶುರು ಮಾಡಿದರು. ಒಂದು ಮಧ್ಯಾಹ್ನ ಅಣ್ಣ ಅವಳ ಕಾಲ ಬಳಿ ಕೂತು ಎಲ್ಲವನ್ನೂ ಹೇಳಿದ. ನಾನು ಬಾಗಿಲಲ್ಲಿದ್ದೆ.

ಅಮ್ಮ "ನೀನು ಇವತ್ತಿನ ಮಾತ್ರೆ ತಗೊಂಡ್ಯಾ?" ಎಂದಳು.

ನಾಲ್ಕನೇ ವಾರ ಅವಳು ತೀರಿಕೊಂಡಳು.

ರೋಗದ ಸುದ್ದಿ ತಿಳಿದ ಹೋಟೆಲಿನ ಧಣಿಗಳು ಮನೆಗೆ ಬಂದು, "ಗುಣ ಮಾಡ್ಕೊಂಡು ಬಾ, ನಿನ್ನ ಕಾವಲಿ ಎಲ್ಲಿಗೂ ಹೋಗುದಿಲ್ಲ" ಎಂದರು. ಅದನ್ನು ಕೇಳಿ ಅಣ್ಣ ಅತ್ತ ಹಾಗೆ ಅಮ್ಮ ಹೋದ ದಿನವೂ ಅತ್ತಿರಲಿಲ್ಲ. ಆರು ತಿಂಗಳು ಒಂದು ದಿನ ತಪ್ಪಿಸದೆ ಮಾತ್ರೆ ನುಂಗಿದ. ಕೊನೆಯ ಕಫ ಪರೀಕ್ಷೆಯಲ್ಲಿ ಏನೂ ಇರಲಿಲ್ಲ.

ಅವನು ಅಡುಗೆಮನೆಗೆ ಹಿಂತಿರುಗಲಿಲ್ಲ. ಈಗ ಅದೇ ಹೋಟೆಲಿಗೆ ಕೋಯಂಬೇಡಿನ ಸಗಟು ಮಾರುಕಟ್ಟೆಯಿಂದ ತರಕಾರಿ ತರುತ್ತಾನೆ. ನಾವಿಬ್ಬರೂ ಒಟ್ಟಿಗೆ ಊಟ ಮಾಡುತ್ತೇವೆ, ಅದು ಇದು ಮಾತಾಡುತ್ತೇವೆ. ಕ್ಷಮಿಸಿದ್ದೇನೆ ಎಂದು ಅವನಿಗೆ ಹೇಳಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಇನ್ನೂ ಆಗಿಲ್ಲ.