ಬಾರದ ದೂರುಗಳು

“ವಿಜ್ಞಾನ ಓದೋನಲ್ವೇನಯ್ಯಾ ನೀನು? ಬಾರದ ದೂರನ್ನ ಎಣಿಸೋದು ಹೇಗೆ, ಹೇಳು ನೋಡೋಣ” ಎಂದು ಅತ್ತಿಗೆ ಒಮ್ಮೆ ಕೇಳಿದ್ದರು.

ವೈದ್ಯಕೀಯ ಉಪಕರಣಗಳ ಕಂಪನಿಯೊಂದರಲ್ಲಿ ಬಳಕೆಯ ಕೈಪಿಡಿ ಬರೆಯುವುದು ಅವರ ಕೆಲಸ. ರಕ್ತದ ಸಕ್ಕರೆ ಅಳೆದು ಅಂಕಿಯನ್ನು ಗಟ್ಟಿಯಾಗಿ ಹೇಳುವ ಯಂತ್ರವೊಂದನ್ನು ಆ ಕಂಪನಿ ದೃಷ್ಟಿ ಕಳೆದುಕೊಂಡವರಿಗೆಂದೇ ತಯಾರಿಸಿತ್ತು. ಜೊತೆಗಿಟ್ಟ ಕೈಪಿಡಿ ಮಾತ್ರ ಇರುವೆ ಸಾಲಿನಂಥ ಅಕ್ಷರಗಳಲ್ಲಿತ್ತು. ಪುಟಪುಟಕ್ಕೂ ‘ಚಿತ್ರ ನೋಡಿ’ ಎಂಬ ಸೂಚನೆ ಬೇರೆ. ಹಾಗೆ ಬರೆಯುವುದೇ ಅಲ್ಲಿನ ಪದ್ಧತಿ. ಯಾರಾದರೂ ತಪ್ಪು ಅಂಕಿಯನ್ನು ನಂಬಿ ಇನ್ಸುಲಿನ್ ಚುಚ್ಚಿಕೊಂಡಾರೆಂಬ ಭಯ ಅತ್ತಿಗೆಯನ್ನು ಕೊರೆಯುತ್ತಿತ್ತು. ಕೇಳುವ ಕೈಪಿಡಿ ಬೇಕೆಂದು ಮ್ಯಾನೇಜರ ಬಳಿ ಹೋದರು.

“ಯಾಕಮ್ಮಾ ಇಲ್ಲದ ತಲೆನೋವು? ಇಲ್ಲಿವರೆಗೆ ಒಂದಾದ್ರೂ ದೂರು ಬಂದಿದ್ಯಾ?”

“ದೂರು ಕೊಡೋ ನಂಬರ್ ಎಲ್ಲಿದೆ ಸಾರ್?”

“ಕೈಪಿಡಿಯ ಕೊನೇ ಪುಟದಲ್ಲಿ. ದಪ್ಪಕ್ಷರದಲ್ಲೇ ಹಾಕ್ಸಿದೀವಲ್ಲ!”

ಅತ್ತಿಗೆ ಪಟ್ಟು ಬಿಡಲಿಲ್ಲ. ಕೊನೆಗೂ, ಚಾಲೂ ಮಾಡಿದೊಡನೆ ಯಂತ್ರವೇ ಒಂದು ಫೋನ್ ಸಂಖ್ಯೆಯನ್ನು ಹೇಳುವಂತಾಯಿತು. ಕರೆ ಮಾಡಿದರೆ ಅತ್ತಿಗೆಯ ಧ್ವನಿಯಲ್ಲಿ ವಿವರಣೆ: ಯಂತ್ರಕ್ಕೆ ತೂರಿಸುವ ಪರೀಕ್ಷಾ ಪಟ್ಟಿಯ ಯಾವ ತುದಿ ಉಗುರಿಗೆ ಒರಟಾಗಿ ಸಿಗುತ್ತದೆ, ರಕ್ತದ ಹನಿಯನ್ನು ಎಲ್ಲಿ ತಾಗಿಸಬೇಕು. ದೂರುಗಳನ್ನೂ ಅಲ್ಲಿಯೇ ಹೇಳಬಹುದಿತ್ತು.

ಹೇಳಿದರು. ಮುಚ್ಚಳವನ್ನೇ ತೆರೆಯಲಾಗದವರು, ತಿಂಗಳುಗಟ್ಟಲೆ ಪಟ್ಟಿಯನ್ನು ತಿರುಗುಮುರುಗಾಗಿ ತೂರಿಸಿದವರು, ಎಲ್ಲರೂ ಒಟ್ಟಿಗೆ ಬಾಯಿಬಿಟ್ಟರು. ಕಂಪನಿ ಗಾಬರಿಯಿಂದ ಸಭೆ ಸೇರಿತು. ಫೋನ್ ಬರುವ ಮುನ್ನ ದೂರಿರಲಿಲ್ಲ, ಬಂದ ಮೇಲೆ ದೂರುಗಳ ಸುರಿಮಳೆ. ಆದ್ದರಿಂದ ದೂರಿಗೆ ಫೋನೇ ಕಾರಣ. ಕಾರ್ಯಕಾರಣ ಸಂಬಂಧವನ್ನು ಇಷ್ಟು ಸಲೀಸಾಗಿ ಪತ್ತೆಹಚ್ಚಿದ ಸಂಶೋಧನೆಯನ್ನು ನಾನಂತೂ ಓದಿಲ್ಲ. ಫೋನ್ ನಿಂತಿತು, ದೂರೂ ನಿಂತಿತು. ಅತ್ತಿಗೆ ಮನೆಯಲ್ಲಿ ಆ ಸುದ್ದಿಯನ್ನೇ ಎತ್ತಲಿಲ್ಲ. ಸೋತು ಸುಮ್ಮನಾದರೆಂದು ನಾನೂ ತಿಳಿದುಕೊಂಡೆ.

ಕೆಲವು ವರ್ಷಗಳ ಬಳಿಕ ಅವರು ಹೃದಯಾಘಾತದಿಂದ ತೀರಿಕೊಂಡರು. ಮಾತನಾಡಿಸಲು ಮನೆಗೆ ಬಂದ ಮ್ಯಾನೇಜರು, “ಎಷ್ಟು ಚೆನ್ನಾಗಿ ಬರೀತಿದ್ರು ಅಂದ್ರೆ, ಆ ಗಲಾಟೆ ಆದ್ಮೇಲೆ ಒಂದೇ ಒಂದು ದೂರು ಬಂದಿಲ್ಲ ನೋಡಿ” ಎಂದು ಹನಿಗಣ್ಣಾದರು.

ಅವರು ಹೊರಟ ಮೇಲೆ ಅಡುಗೆಮನೆಯಲ್ಲಿ ಫೋನ್ ರಿಂಗಾಯಿತು. ಅಣ್ಣ ಎತ್ತಿಕೊಂಡ. “ಅವಳಿಲ್ಲಮ್ಮಾ... ಪರವಾಗಿಲ್ಲ, ನನಗೆ ಹೇಳಿ. ಯಂತ್ರ ಏನಂತಿದೆ?”

ಮಾತು ಮುಗಿಸಿ ನನ್ನತ್ತ ತಿರುಗಿದ. “ಕಂಪನಿ ಬಿಟ್ಟುಕೊಟ್ಟ ನಂಬರ್‌ನ ನಿಮ್ಮತ್ತಿಗೆ ತನ್ನ ಹೆಸರಿಗೇ ಮಾಡಿಸ್ಕೊಂಡಿದ್ಲು ಕಣೋ. ಮಾರಿಹೋದ ಯಂತ್ರಗಳೆಲ್ಲ ಇನ್ನೂ ಅದನ್ನೇ ಹೇಳ್ತಾವಲ್ಲ! ಬೈಯೋರೆಲ್ಲ ಇವಳಿಗೇ ಬೈತಿದ್ರು.”