ಅತ್ತೆಯ ಬಾಯಿ ಮುಚ್ಚಿಸಿದ ಪುಸ್ತಕ

ನಮ್ಮ ಮನೆಯಲ್ಲಿ ಭಾಷೆಗಳಿಗೇನೂ ಬರ ಇರಲಿಲ್ಲ. ನಾನು ಧಾರವಾಡದ ಕಡೆಯವಳು, ಗಂಡ ಉಡುಪಿಯವರು. ಅವರೂ ಅವರ ತಾಯಿಯೂ ಮಾತಾಡಿಕೊಳ್ಳುವುದು ತುಳುವಿನಲ್ಲಿ. ಅತ್ತೆ ನನ್ನ ಹತ್ತಿರ ಕರಾವಳಿಯ ಕನ್ನಡ ಆಡಿದರೆ ನಾನು ನನ್ನ ಕನ್ನಡದಲ್ಲಿ ಉತ್ತರ ಕೊಡುತ್ತಿದ್ದೆ. ಸಾನಪಾಡಾದ ನಮ್ಮ ಬಿಲ್ಡಿಂಗಿನ ಮೆಟ್ಟಿಲಿಳಿದರೆ ಮರಾಠಿ, ಗೇಟು ದಾಟಿದರೆ ಹಿಂದಿ. ಇಷ್ಟೆಲ್ಲದರ ನಡುವೆ ಹುಟ್ಟಿದ ಮಗಳು ಮೂರು ವರ್ಷ ತುಂಬಿದರೂ ಒಂದರಲ್ಲೂ ಬಾಯಿ ಬಿಡಲಿಲ್ಲ. ಕಿವಿ ಸರಿಯಾಗಿದೆ ಎಂದರು ಡಾಕ್ಟರು. ಕೆಲವು ಮಕ್ಕಳು ಹಾಗೆಯೇ, ತಡ ಮಾಡುತ್ತವೆ ಎಂದರು ನೆಂಟರು. ನನ್ನ ಜೀವಕ್ಕೆ ಮಾತ್ರ ಸಮಾಧಾನವಿರಲಿಲ್ಲ.

ಮಾತು, ಕಲಿಕೆ ತಡವಾದ ಮಕ್ಕಳಿಗೆಂದೇ ಇದ್ದ ಒಂದು ಸೆಂಟರಿಗೆ ಅವಳನ್ನು ಸೇರಿಸಿದೆವು. ಅದರ ಎರಡನೇ ಮಹಡಿಯಲ್ಲಿ ಒಂದು ಲೈಬ್ರರಿ. ಕಥೆ, ಕಾದಂಬರಿ ಹುಡುಕಿದರೂ ಸಿಗದು. ಇದ್ದದ್ದೆಲ್ಲ ಇಂಥ ಮಕ್ಕಳಿಗೆ ಕಲಿಸುವುದು ಹೇಗೆ ಎನ್ನುವ ಪುಸ್ತಕಗಳೇ. ಟೀಚರುಗಳಿಗಾಗಿ ಮಾಡಿದ್ದು, ತಂದೆತಾಯಿಗಳಿಗೂ ಮೆಂಬರ್ ಆಗಲು ಬಿಡುತ್ತಿದ್ದರು. ಬೀಗ ಹಾಕಿದ ಕಬ್ಬಿಣದ ಕಪಾಟುಗಳು, ಮರದ ಡ್ರಾಯರುಗಳಲ್ಲಿ ಕಾರ್ಡುಗಳು. ಬೇಕಾದದ್ದನ್ನು ಚೀಟಿಯಲ್ಲಿ ಬರೆದು ಕೊಟ್ಟರೆ ಗ್ರಂಥಪಾಲಕಿ ಎದ್ದು ಹೋಗಿ ತಂದುಕೊಡುತ್ತಿದ್ದರು. ಮರಾಠಿ ಹೆಂಗಸು, ನನಗಿಂತ ಹತ್ತು ವರ್ಷ ದೊಡ್ಡವರಿರಬಹುದು, ನನ್ನ ಹತ್ತಿರ ಹಿಂದಿ.

ಮನೆಯಲ್ಲಿ ಇಷ್ಟು ಭಾಷೆ ಯಾಕೆ, ಒಂದನ್ನೇ ಇಟ್ಟುಕೊಳ್ಳಿ ಎಂದು ಅಲ್ಲಿನ ಥೆರಪಿಸ್ಟ್ ಹೇಳಿದ್ದರು. ನನಗೆ ನಂಬಿಕೆ ಬರಲಿಲ್ಲ. ಲೈಬ್ರರಿಗೆ ಹೋಗಿ ಕೇಳಿದೆ. ಗ್ರಂಥಪಾಲಕಿ ನೀಲಿ ರಟ್ಟಿನ ದಪ್ಪ ಪುಸ್ತಕವೊಂದನ್ನು ತಂದು ಮುಂದಿಟ್ಟರು. ಅದರಲ್ಲೂ ಅದೇ ಮಾತು: ಮಗುವಿಗೆ ಗೊಂದಲವಾಗುತ್ತದೆ, ಒಂದೇ ಭಾಷೆ ಇರಲಿ, ಉಳಿದವು ನಿಲ್ಲಲಿ. ಇಂಗ್ಲಿಷಿನಲ್ಲಿ ಅಚ್ಚಾಗಿದೆ, ಮೇಲಾಗಿ ಬೀಗದ ಕಪಾಟಿನಿಂದ ಬಂದಿದೆ. ಇನ್ನೇನು ಬೇಕು, ನಂಬಿಬಿಟ್ಟೆ.

ಥೆರಪಿ ನಡೆಯುತ್ತಿದ್ದದ್ದು ಹಿಂದಿಯಲ್ಲಿ. ಹಾಗಾಗಿ ಮನೆಯಲ್ಲೂ ಹಿಂದಿಯೇ ಎಂದು ನಾನೂ ಗಂಡನೂ ತೀರ್ಮಾನ ಮಾಡಿದೆವು. ಅತ್ತೆಗೆ ಗೊತ್ತಿದ್ದ ಹಿಂದಿ ಎಂದರೆ ತರಕಾರಿಯವನಿಗೆ ಎಷ್ಟು ಎಂದು ಕೇಳುವ "ಕಿತ್ನಾ" ಮಾತ್ರ. ಮಗುವಿನ ಮುಂದೆ ತುಳು, ಕನ್ನಡ ಬೇಡ ಎಂದು ಅವರಿಗೆ ಹೇಳಿದೆ.

"ನನ್ನ ಮಾತಿನಲ್ಲಿ ಎಂತ ವಿಷ ಉಂಟಾ ಮಾರಾಯ್ತಿ?" ಎಂದು ಕೇಳಿದರು.

"ಹಂಗಲ್ಲರೀ ಅತ್ತೀ, ಪುಸ್ತಕದಾಗ ಬರದಾರ" ಎಂದೆ.

ಅತ್ತೆ ಹಠದ ಹೆಂಗಸು. ಬಾಯಿ ಮುಚ್ಚು ಎಂದ ಮೇಲೆ ಅರ್ಧಂಬರ್ಧ ಮುಚ್ಚುವವರಲ್ಲ. ಮಗು ಎಚ್ಚರವಿರುವಷ್ಟು ಹೊತ್ತು ಯಾರ ಹತ್ತಿರವೂ ಒಂದು ಮಾತಿಲ್ಲ. ಉಣ್ಣಿಸುವುದು, ತಲೆ ಬಾಚುವುದು, ತಟ್ಟಿ ಮಲಗಿಸುವುದು, ಎಲ್ಲ ಮೂಕವಾಗಿ. ಅವಳನ್ನು ಸೆಂಟರಿಗೆ ಕರೆದುಕೊಂಡು ಹೊರಟೆನೆಂದರೆ ಕಿಟಕಿಯ ಗ್ರಿಲ್ಲಿನ ಮೇಲೆ ಕೂತ ಕಾಗೆಗೆ ತುಳುವಿನಲ್ಲಿ ಊರ ಸುದ್ದಿಯೆಲ್ಲ ಹೇಳುತ್ತಿದ್ದರಂತೆ. ಪಕ್ಕದ ಮನೆಯಾಕೆ ಹೇಳಿದಾಗ ನಾನು ನಕ್ಕುಬಿಟ್ಟೆ, ಆಮೇಲೆ ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ.

ಎರಡು ವರ್ಷ ಹೀಗೇ ನಡೆಯಿತು. ಮಗಳಿಗೆ ಮಾತು ಬಂತು. ಮೊದಲು ಕೊಡು ಎನ್ನಲು "ದೋ", ಆಮೇಲೆ "ಮಮ್ಮಿ ಆವೋ", ಆಮೇಲೆ ಚಿಕ್ಕ ಚಿಕ್ಕ ವಾಕ್ಯ. ಖುಷಿಯಾಗಬೇಕಿತ್ತು, ಆಯಿತು ಕೂಡ. ಆದರೆ ಇದು ಹಿಂದಿ ಮಾಡಿದ್ದೋ, ಥೆರಪಿ ಮಾಡಿದ್ದೋ, ವಯಸ್ಸು ಮಾಡಿದ್ದೋ? ಅತ್ತೆ ಮಾತಾಡಿದ್ದರೆ ಇನ್ನೂ ಬೇಗ ಬರುತ್ತಿತ್ತೋ, ಬರುತ್ತಲೇ ಇರಲಿಲ್ಲವೋ? ಯಾರನ್ನು ಕೇಳಲಿ? ಮಾಜಿವಾಡಾದ ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದ ಗಂಡನ ಉತ್ತರ ಒಂದೇ: "ಈಗ ಸರಿ ನಡೀತಾ ಉಂಟಲ್ಲ, ಸುಮ್ನೆ ಕೈ ಹಾಕ್ಬೇಡ."

ಆ ಹೊತ್ತಿಗೆ ಲೈಬ್ರರಿಯನ್ನು ಆಧುನಿಕ ಮಾಡುತ್ತೇವೆಂದು ಕೆಲವು ತಿಂಗಳು ಮುಚ್ಚಿದರು. ತೆರೆದ ದಿನ ಹೋದರೆ ಬೇರೆ ಯಾವುದೋ ಆಫೀಸಿಗೆ ಬಂದೆನೇನೋ ಅನ್ನಿಸಿತು. ಗಾಜಿನ ಬಾಗಿಲು, ತಣ್ಣಗೆ ಎಸಿ, ಸಾಲಾಗಿ ಕಂಪ್ಯೂಟರು. ಕಪಾಟಿನ ಬೀಗಗಳೆಲ್ಲ ಮಾಯ. ಪುಸ್ತಕ ತೆರೆದ ಶೆಲ್ಫಿನಲ್ಲಿ, ನಾವೇ ಹೋಗಿ ತೆಗೆದುಕೊಳ್ಳಬಹುದು. ಹೊಸದಾಗಿ ತಂದಿಟ್ಟ ಆಟಿಕೆಗಳಿಗೂ ಬಾರ್‌ಕೋಡ್ ಅಂಟಿಸಿದ್ದರು. ಕಾರ್ಡಿನ ಡ್ರಾಯರುಗಳಿದ್ದ ಜಾಗದಲ್ಲಿ ನೀರಿನ ಯಂತ್ರ. ಗ್ರಂಥಪಾಲಕಿ ಮಾತ್ರ ಹಳಬರೇ, ಪಾಸ್‌ವರ್ಡ್ ತಪ್ಪು ಎಂದ ಕಂಪ್ಯೂಟರನ್ನು ದಿಟ್ಟಿಸಿಕೊಂಡು ಕೂತಿದ್ದರು.

ಬಾಗಿಲ ಪಕ್ಕದಲ್ಲಿ ರಟ್ಟಿನ ಡಬ್ಬಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ರದ್ದಿಯವನು ಬಂದು ಭಿವಂಡಿಯ ಗೋದಾಮಿಗೆ ಒಯ್ಯುತ್ತಾನಂತೆ. ಮೇಲಿನ ಡಬ್ಬದ ಬಾಯಿ ತೆರೆದಿತ್ತು. ಅದರಲ್ಲಿ ನಮ್ಮ ನೀಲಿ ರಟ್ಟಿನ ಪುಸ್ತಕ.

"ಇದನ್ಯಾಕೆ ತೆಗೆದಿರಿ?" ಎಂದು ಕೇಳಿದೆ.

"ಪುರಾನಾ ಹೋ ಗಯಾ, ಮೇಡಂ. ಇಸ್ಮೇ ಕಾ ಬಹುತ್ ಕುಛ್ ಬದಲ್ ಗಯಾ. ಅಭೀ ಐಸಾ ನಹೀ ಬೋಲ್ತೇ" ಎಂದರು, ತಲೆ ಎತ್ತದೆ.

ಹಳತಾಯಿತಂತೆ, ಬಹಳಷ್ಟು ಬದಲಾಗಿದೆಯಂತೆ, ಈಗ ಹಾಗೆ ಹೇಳುವುದಿಲ್ಲವಂತೆ! ಯಾವತ್ತಿನಿಂದ ಹೇಳುವುದಿಲ್ಲ? ನಾನು ಓದಿದ ದಿನವೂ ಹೇಳುತ್ತಿರಲಿಲ್ಲವೇ? ಹಾಗಾದರೆ ಬೀಗ ಹಾಕಿ ಕಾಪಾಡಿದ್ದು ಯಾತಕ್ಕೆ? ನನ್ನ ದನಿ ಏರಿತು, ಏರಿದ್ದು ನನಗೇ ಗೊತ್ತಾಯಿತು, ಇಳಿಸಲಿಲ್ಲ.

"ಪುಸ್ತಕ ವಾಪಸ್ ಕೊಡೋದು ಲೇಟಾದರೆ ಮನೆಗೆ ಫೋನ್ ಮಾಡ್ತೀರಿ. ಪುಸ್ತಕದ ಮಾತೇ ಸುಳ್ಳಾದರೆ ಯಾಕೆ ಮಾಡೋದಿಲ್ಲ?" ಎಂದು ಹಿಂದಿಯಲ್ಲಿ ಕೂಗಿದೆ.

ಆಕೆ ಕನ್ನಡಕ ತೆಗೆದರು. ಯಾರ ಮನೆಯಲ್ಲಿ ಏನು ನಡೆಯುತ್ತಿದೆಯೆಂದು ತನಗೆ ಹೇಗೆ ಗೊತ್ತಾಗಬೇಕು ಎಂದರು. ಅದೂ ಸರಿಯೇ. ಅದೂ ಸರಿ ಅನ್ನಿಸಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಅತ್ತೆಯ ವಿಷಯ ಹೇಳಿದೆ. ಕೇಳುತ್ತಾ ಕೇಳುತ್ತಾ ಆಕೆಯ ಮುಖ ಸಣ್ಣಗಾಯಿತು. ಪಕ್ಕದಲ್ಲಿ ಕುರ್ಚಿ ಎಳೆದು ಕೂರಿಸಿಕೊಂಡರು, ಇಬ್ಬರೂ ಸೇರಿ ಆ ಕಂಪ್ಯೂಟರಿನಲ್ಲಿ ಹುಡುಕಿದೆವು. ಮೊದಲು ಏನೂ ಬರಲಿಲ್ಲ. ಆಮೇಲೆ ಬಂದದ್ದು ನಿಲ್ಲಲಿಲ್ಲ, ಪುಟದ ಮೇಲೆ ಪುಟ. ಒಂದು ಲೇಖನ ಮನೆಮಾತನ್ನು ಬಿಡಬೇಡಿ ಎಂದರೆ ಇನ್ನೊಂದು ಆ ಮಗುವೇ ಬೇರೆ, ಈ ಮಗುವೇ ಬೇರೆ ಎಂದಿತು. ಮೊದಲಾದರೆ ಒಂದೇ ಪುಸ್ತಕ, ಒಂದೇ ಉತ್ತರ. ತಪ್ಪಾದರೂ ನೆಮ್ಮದಿಯಾಗಿ ನಂಬಬಹುದಿತ್ತು.

ಕೊನೆಗೆ ಆಕೆಯೇ ನಾಲ್ಕಾರು ಹಾಳೆ ಪ್ರಿಂಟ್ ತೆಗೆದು, ಕೆಳಗಿನ ಮಹಡಿಗೆ ಹೊಸದಾಗಿ ಬಂದಿದ್ದ ಥೆರಪಿಸ್ಟ್ ಹತ್ತಿರ ನನ್ನನ್ನು ಕರೆದೊಯ್ದರು. ಆ ಹುಡುಗಿ ಹಾಳೆ ನೋಡುವ ಗೋಜಿಗೇ ಹೋಗಲಿಲ್ಲ. "ಅಜ್ಜಿಯನ್ನು ಸುಮ್ಮನಿರಿಸಿದ್ದು ಯಾರು?" ಎಂದು ಬೆರಗಾಗಿ ಕೇಳಿದಳು. "ಮಾತಾಡಲಿ, ಇವತ್ತೇ ಶುರು ಮಾಡಲಿ. ಅದರಿಂದ ಮಗುವಿನ ಹಿಂದಿ ಕಳೆದುಹೋಗುವುದಿಲ್ಲ." ನಾನು ತಲೆಯಾಡಿಸಿದೆ. ಮೊದಲಿನ ಥೆರಪಿಸ್ಟ್ ಎದುರಿಗೂ ಹೀಗೆಯೇ ತಲೆಯಾಡಿಸಿದ್ದೆನಲ್ಲ ಎಂದು ಮೆಟ್ಟಿಲಿಳಿಯುವಾಗ ಹೊಳೆಯಿತು.

ಮನೆಗೆ ಬಂದಾಗ ಅತ್ತೆ ಬೀನ್ಸ್ ನಾರು ತೆಗೆಯುತ್ತಿದ್ದರು. ಮಗಳು ಬಾಲ್ಕನಿಯಲ್ಲಿ ಬೊಂಬೆ ಹರಡಿಕೊಂಡಿದ್ದಳು. ಅವಳಿಗೆ ಕೇಳಿಸದಂತೆ ಮೆಲ್ಲಗೆ ಎಲ್ಲ ಹೇಳಿದೆ. ಕುಣಿಯುತ್ತಾರೆ ಅಂದುಕೊಂಡಿದ್ದೆ. ಅವರ ಕೈ ನಿಂತಿತು, ಅಷ್ಟೆ.

"ಹಾಗಾದ್ರೆ ಇಷ್ಟು ದಿನ ನಾನು ಸುಮ್ನೆ ಕೂತದ್ದು ಎಂತಕ್ಕೆ?" ಎಂದು ಪಿಸುದನಿಯಲ್ಲೇ ಕೇಳಿದರು. "ನಾಳೆ ಆ ಕಂಪ್ಯೂಟರಿದ್ದೂ ಹಳತಾದ್ರೆ? ಆಗ ಪುನಃ ಬಾಯಿ ಮುಚ್ಚುದಾ?"

"ಮುಚ್ಚಬ್ಯಾಡ್ರಿ" ಎಂದೆ. "ನಾನಽ ಬಂದು ಹೇಳಿದ್ರೂ ಮುಚ್ಚಬ್ಯಾಡ್ರಿ."

ಅತ್ತೆ ಬೀನ್ಸಿನ ತಟ್ಟೆಯನ್ನು ಬದಿಗೆ ಸರಿಸಿದರು. ಆಮೇಲೆ ಬಾಲ್ಕನಿಯ ಕಡೆ ತಿರುಗಿ ಗಂಟಲು ಸರಿಮಾಡಿಕೊಂಡರು.

"ಬಲ ಬಾಲೆ" ಎಂದು ಕರೆದರು. ಬಾ ಮಗೂ.

ಮಗಳು ಬೊಂಬೆ ಬಿಟ್ಟು ಎದ್ದಳು. ಕಣ್ಣರಳಿಸಿಕೊಂಡು ಓಡಿ ಬಂದು ಅಜ್ಜಿಯ ಎದುರು ಮಂಡಿಯೂರಿ ಕೂತಳು. ಸೆಂಟರಿನಲ್ಲಿ ಮಾತು ಬಾರದ ಮಗುವೊಂದು ಮೊದಲ ಶಬ್ದ ಹೇಳಿದಾಗ ಇನ್ನೊಮ್ಮೆ ಹೇಳು ಎಂದು ಥೆರಪಿಸ್ಟ್ ಹಿಡಿಯುವ ಹಾಗೆ ಅಜ್ಜಿಯ ಗಲ್ಲ ಹಿಡಿದು, ಅದೇ ರಾಗದಲ್ಲಿ ಹೇಳಿದಳು:

"ಶಾಬಾಶ್ ಅಜ್ಜಿ! ಫಿರ್ ಸೇ ಬೋಲೋ!"