ಉಪಗ್ರಹದ ಕಣ್ಣು ಕುಕ್ಕಿದ ಅಂಗಿ

“ಸರ್, ನಿಮ್ಮ ಅಂಗಿ ತುಂಬಾ ಬೆಳ್ಳಗಿದೆ” ಎಂದಳು ಆ ವಿಜ್ಞಾನಿ ಹುಡುಗಿ. ನಿವೃತ್ತ ಮಾಸ್ತರನಾದ ನಾನು ಹೊಗಳಿಕೆ ಎಂದುಕೊಂಡು ಕಾಲರ್ ಸರಿಮಾಡಿಕೊಂಡೆ. ನಮ್ಮೂರು ತೆಂಗಿನಗುಂಡಿಯ ಕಡಲ ದಂಡೆಗೆ ವಿಜ್ಞಾನಿಗಳು ಬರುತ್ತಾರೆ ಎಂದು ಕೇಳಿ, ಫೋಟೋ ಅಂತೂ ಖಂಡಿತ ಎಂದು ಗಂಜಿ ಹಾಕಿದ ಅಂಗಿಯನ್ನೇ ತೊಟ್ಟು ಹೋಗಿದ್ದೆ.

“ಅದರ ಬೆಳಕು ಮರಳಿನ ಮೇಲೆ ಬೀಳ್ತಿದೆ. ಸ್ವಲ್ಪ ದೂರ ನಿಲ್ತೀರಾ?”

ಮರಳು ಎಷ್ಟು ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ ಎಂದು ಅವರು ಉಪಕರಣ ಹಿಡಿದು ಅಳೆಯುತ್ತಿದ್ದರು. ಅದೇ ಹೊತ್ತಿಗೆ ಮೇಲೆ ಹಾದುಹೋಗುವ ಉಪಗ್ರಹವೂ ಅದೇ ಮರಳನ್ನು ನೋಡುತ್ತದಂತೆ. ಎರಡನ್ನೂ ಹೋಲಿಸಿ ಉಪಗ್ರಹದ ಕಣ್ಣಿನ ತಪ್ಪು ತಿದ್ದುತ್ತಾರಂತೆ. ಅದು ಬರಲು ಐದೇ ನಿಮಿಷ ಉಳಿದಿತ್ತು. ಆದರೆ ನನ್ನ ಫೋಟೋ ಇನ್ನೂ ಆಗಿರಲಿಲ್ಲವಲ್ಲ. ದೇಶದ ಉಪಗ್ರಹ ಬೇಕಾದರೆ ಕಾಯಲಿ ಎಂದು ಅಲ್ಲೇ ನಿಂತೆ.

ಪಕ್ಕದಲ್ಲಿ ಮೀನು ಒಣಗಿಸುತ್ತಿದ್ದ ಮಾದೇವಿ ನನ್ನ ಹಳೆಯ ವಿದ್ಯಾರ್ಥಿನಿ. ಎದ್ದು ಬಂದವಳೇ ಮೀನಿನ ಬುಟ್ಟಿ ಮುಚ್ಚುವ ಕಪ್ಪು ಕಂಬಳಿಯನ್ನು ನನ್ನ ತಲೆಯಿಂದ ಮೊಣಕಾಲಿನವರೆಗೆ ಹೊದಿಸಿಬಿಟ್ಟಳು.

“ಸುಮ್ನೆ ನಿಲ್ಲಿ ಮಾಸ್ತರ್ರೆ. ವಾಸ್ನಿ ಮೇಲಿನವರೆಗೆ ಹೋಗೂದಿಲ್ಲ.”

ಸುಡುಬಿಸಿಲಿನಲ್ಲಿ, ಒಣಮೀನಿನ ಘಮದೊಳಗೆ ಬೆವರುತ್ತ ನಿಂತೆ. ಉಪಗ್ರಹ ಬಂದು ಹೋಯಿತು. “ಆತು, ತೆಗೀರಿ” ಎಂದಳು ಮಾದೇವಿ.

ತಿಂಗಳಾದ ಮೇಲೆ ಆ ಹುಡುಗಿ ಉಪಗ್ರಹ ತೆಗೆದ ಚಿತ್ರ ಕಳಿಸಿದಳು. ನಮ್ಮ ದಂಡೆ ಅಚ್ಚುಕಟ್ಟಾಗಿ ಮೂಡಿದೆ, ನಾನು ಎಲ್ಲೂ ಇಲ್ಲ. ಮೂವತ್ತು ವರ್ಷ ಪ್ರತಿ ಸಮಾರಂಭದ ಫೋಟೋದಲ್ಲೂ ನುಗ್ಗಿ ಮುಂದೆ ನಿಂತವನು ನಾನು. ವಿಜ್ಞಾನಕ್ಕೆ ನನ್ನಿಂದ ಸಂದ ಸೇವೆ ಮಾತ್ರ ಒಂದೇ, ಕಾಣದ ಹಾಗೆ ನಿಂತದ್ದು.